ದೂರದ ಬೆಲೆ

ಅಡಿಕೆ ಕೊಯ್ಲು ಮುಗಿದು ಮಂಡಿಯ ಹಣ ಕೈಸೇರುವ ಹೊತ್ತಿಗೆ ಮಲೆನಾಡಿನ ಹಲವು ಮನೆಗಳಲ್ಲಿ ಹೊಸದೊಂದು ಬೇಡಿಕೆ ತಲೆಯೆತ್ತುತ್ತದೆ. ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಕ್ಯಾಮೆರಾ ಬೇಕು. ಕ್ಯಾಮೆರಾ ಬಂದ ಮರುತಿಂಗಳೇ ದೂರದ ಹಕ್ಕಿಯನ್ನು ಹತ್ತಿರ ತರುವ ಟೆಲಿಫೋಟೋ ಲೆನ್ಸ್ ಬೇಕು. ಹಿರಿಯರ ಕಣ್ಣಿಗೆ ಇದು ಶೋಕಿ. ಆ ಹಣದಲ್ಲಿ ಕರೆಯುವ ಹಸುವೊಂದನ್ನು ಕೊಳ್ಳಬಹುದಲ್ಲವೇ ಎಂಬ ಅವರ ಲೆಕ್ಕದಲ್ಲಿ ತಪ್ಪೂ ಇಲ್ಲ. ಫಿರಂಗಿಯಂತಹ ಲೆನ್ಸುಗಳನ್ನು ಹೊತ್ತು ಜೀಪಿನಲ್ಲಿ ಬಂದು, ಒಂದು ದಿನ ಕಾಡು ತುಳಿದು ಹೋಗುವ ಪಟ್ಟಣಿಗರನ್ನು ಕಂಡವರಿಗೆ ಈ ಹವ್ಯಾಸದ ಬಗೆಗೆ ಗೌರವ ಮೂಡುವುದು ಕಷ್ಟವೇ. ಆದರೆ ಕಾಡಿನಂಚಿನಲ್ಲಿಯೇ ಬದುಕುವವರ ಕೈಯಲ್ಲಿನ ಕ್ಯಾಮೆರಾ ಬೇರೆಯದೇ ಕೆಲಸ ಮಾಡಬಲ್ಲದು.

ಅಣೆಕಟ್ಟು, ಗಣಿ, ಹೆದ್ದಾರಿಗಳಂತಹ ದೊಡ್ಡ ಯೋಜನೆಗಳ ಪೈಕಿ ಬಹಳಷ್ಟಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅಲ್ಲಿ ಮಂಡಿಸುವ ವರದಿಯಲ್ಲಿ ಆ ಪ್ರದೇಶದ ಪ್ರಾಣಿಪಕ್ಷಿಗಳ ಪಟ್ಟಿಯೊಂದು ಇರುತ್ತದೆ. ಪಟ್ಟಿ ಅವಸರದಲ್ಲಿ ತಯಾರಾಗಿದ್ದರೆ ಊರವರು ದಿನವೂ ಕಾಣುವ ಜೀವಿಯೇ ಅದರಲ್ಲಿ ಬಿಟ್ಟುಹೋಗಿರಬಹುದು. ‘ನಮ್ಮ ಕಾಡಿನಲ್ಲಿ ಸಿಂಗಳೀಕವಿದೆ’ ಎಂದು ಎದ್ದುನಿಂತು ಹೇಳಿದರೆ ಅದು ಹೇಳಿಕೆ ಮಾತ್ರ. ದಿನಾಂಕ, ಸ್ಥಳಗಳ ಸಮೇತ ಚಿತ್ರವನ್ನಿಟ್ಟರೆ ಅದು ದಾಖಲೆ. 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಪಂಚಾಯಿತಿಗಳ ಮಟ್ಟದಲ್ಲಿ ಸಿದ್ಧವಾಗಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೂ ಇಂತಹ ಚಿತ್ರಗಳೇ ಆಧಾರ. ಶರಾವತಿ ಕಣಿವೆಯಲ್ಲಿ ಸಿಂಗಳೀಕದ ಹೆಸರಿನಲ್ಲಿಯೇ 2019ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಒಂದು ಪ್ರಾಣಿ ಎಲ್ಲಿದೆ ಎಂಬ ಸಂಗತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ಲೆನ್ಸ್?’ ಎಂಬುದಲ್ಲ, ‘ಯಾವ ಚಿತ್ರ?’ ಎಂಬುದು. ಕ್ಯಾಲೆಂಡರಿಗೆ ಒಪ್ಪುವ ಚಿತ್ರ ಬೇರೆ, ಗುರುತು ಹಿಡಿಯಲು ಸಾಕಾಗುವ ಚಿತ್ರ ಬೇರೆ. ಇವೆರಡರ ಬೆಲೆಗಳ ನಡುವೆ ಹತ್ತು ಪಟ್ಟಿನ ಅಂತರವಿದೆ.

ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಕೆತ್ತಿರುವ ಸಂಖ್ಯೆಯೇ ಅದರ ಸಂಗಮ ದೂರ. ಪ್ರೌಢಶಾಲೆಯ ಗಣಿತವಿದ್ದರೆ ಉಳಿದದ್ದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಅರ್ಧ ಮೀಟರ್ ಉದ್ದದ ಸಿಂಗಳೀಕ 25 ಮೀಟರ್ ದೂರದ ಕೊಂಬೆಯ ಮೇಲೆ ಕುಳಿತಿದೆ ಎಂದಿಟ್ಟುಕೊಳ್ಳೋಣ. 300 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 6 ಮಿ.ಮೀ. ಮೂಡುತ್ತದೆ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಮಾತ್ರ, ಎಂದರೆ ಪ್ರಾಣಿ ಚೌಕಟ್ಟಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎತ್ತರವನ್ನು ತುಂಬುತ್ತದೆ. ಮುಖದ ಸುತ್ತಲಿನ ಬೂದು ಕೇಸರ, ಬಾಲದ ತುದಿಯ ಕುಚ್ಚು ಸ್ಪಷ್ಟವಾಗಿ ಕಾಣಲು ಇಷ್ಟು ಸಾಕು. ಒಂದು ಮೀಟರಿನಷ್ಟು ಉದ್ದದ ದೊಡ್ಡ ಮಂಗಟ್ಟೆ 50 ಮೀಟರ್ ಆಚೆಗಿದ್ದರೂ ಲೆಕ್ಕ ಇದೇ. ಬೆರಳುದ್ದದ ಹಕ್ಕಿಯ ವಿಷಯ ಬೇರೆ. 12 ಸೆಂ.ಮೀ. ಹಕ್ಕಿ 10 ಮೀಟರ್ ದೂರದಲ್ಲಿದ್ದರೆ ಬಿಂಬ 3.6 ಮಿ.ಮೀ.; ಆದರೂ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದು ಸುಮಾರು 900 ಪಿಕ್ಸೆಲ್ ಅಗಲ ವ್ಯಾಪಿಸುತ್ತದೆ. ಗೋಡೆಗೆ ತೂಗುಹಾಕಲು ಸಾಲದು, ಗುರುತಿಸಲು ಧಾರಾಳ.

ಉದ್ದ ಅಷ್ಟೇನೂ ದುಬಾರಿಯಲ್ಲ. ದುಬಾರಿಯಾದದ್ದು ಬೆಳಕು. ಸಂಗಮ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ಕಿಂಡಿಯ ಅಗಲ ದೊರೆಯುತ್ತದೆ. 600 ಮಿ.ಮೀ. ಎಫ್/4 ಲೆನ್ಸಿಗೆ 150 ಮಿ.ಮೀ. ಅಗಲದ, ಸಣ್ಣ ತಟ್ಟೆಯಷ್ಟು ದೊಡ್ಡ ಗಾಜು ಬೇಕು. ಅದೇ 600 ಮಿ.ಮೀ. ಎಫ್/6.3 ಆದರೆ 95 ಮಿ.ಮೀ. ಸಾಕು. ಬೆಳಕಿನ ವ್ಯತ್ಯಾಸ ಎರಡೂವರೆ ಪಟ್ಟು. ಬೆಲೆಯ ವ್ಯತ್ಯಾಸವನ್ನು ಕೇಳುವಂತಿಲ್ಲ. 2015ರಲ್ಲಿ ನಿಕಾನ್ ಹೊರತಂದ 600 ಎಫ್/4 ಲೆನ್ಸಿನ ಬೆಲೆ ಅಮೆರಿಕದಲ್ಲಿ 12 ಸಾವಿರ ಡಾಲರ್ ದಾಟಿತ್ತು, ತೂಕ 3.8 ಕಿಲೋ. ಅದರ ಹಿಂದುಮುಂದಿನ ವರ್ಷಗಳಲ್ಲಿ ಬಂದ ಟ್ಯಾಮ್ರಾನ್ ಮತ್ತು ಸಿಗ್ಮಾ ಕಂಪನಿಗಳ 150–600 ಲೆನ್ಸುಗಳು ಸಾವಿರ ಡಾಲರಿನ ಆಸುಪಾಸಿನಲ್ಲಿದ್ದವು. ತೂಕ ಎರಡು ಕಿಲೋದ ಒಳಗೆ. ನಡುಬಜೆಟ್ಟಿನ ವನ್ಯಜೀವಿ ಛಾಯಾಗ್ರಹಣದ ಸ್ವರೂಪವನ್ನೇ ಬದಲಿಸಿದ ಲೆನ್ಸುಗಳಿವು.

ಅಂಗಡಿಯವನು ಹೇಳದ ಮಾತೊಂದು ಇಲ್ಲಿದೆ. ಬಂಡೀಪುರದ ಬಯಲಿನಲ್ಲಿ ಬೆಳಗಿನ ಬಿಸಿಲಿಗೆ ಎಫ್/6.3 ಚೆನ್ನಾಗಿಯೇ ನಡೆಯುತ್ತದೆ. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಬುಡದಲ್ಲಿ, ಅದರಲ್ಲಿಯೂ ಮೋಡ ಕವಿದ ದಿನ, ಐಎಸ್‌ಓ 3200ಕ್ಕೆ ಏರಿಸಿದರೂ ಸೆಕೆಂಡಿನ 60ನೆಯ ಒಂದು ಭಾಗಕ್ಕಿಂತ ವೇಗ ಸಿಗದಿರುವುದುಂಟು. ಸಂಗಮ ದೂರ ಎಷ್ಟೋ, ಸೆಕೆಂಡಿನ ಅಷ್ಟನೆಯ ಒಂದು ಭಾಗವಾದರೂ ವೇಗವಿರಬೇಕೆಂಬುದು ಹಳೆಯ ಸೂತ್ರ. ಲೆನ್ಸಿನೊಳಗಿನ ಕಂಪನ ತಡೆಯುವ ವ್ಯವಸ್ಥೆ ಕೈನಡುಕವನ್ನು ತಡೆಯಬಲ್ಲದೇ ಹೊರತು ಕೊಂಬೆಯಿಂದ ಕೊಂಬೆಗೆ ಜಿಗಿಯುವ ಮಂಗನನ್ನಲ್ಲ. ಮಲೆನಾಡಿನಲ್ಲಿ 600 ಮಿ.ಮೀ. ಉದ್ದಕ್ಕೆ ಆಸೆಪಡುವವರು ಕತ್ತಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ ಸಿಕ್ಕಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ, ಎರಡು ಪಟ್ಟಿನದಾದರೆ ಕಾಲು ಭಾಗಕ್ಕೆ. ಅಗ್ಗದ ಲೆನ್ಸಿಗೆ ಅದನ್ನು ಜೋಡಿಸಿ ಆಟೋಫೋಕಸ್ ಕಳೆದುಕೊಂಡವರು ಹಲವರು.

ಕೆಲವೇ ಸಾವಿರ ಇರುವವರಿಗೆ ಬಳಸಿದ 55–250 ಅಥವಾ 70–300 ಜೂಮ್ ಸಾಕು, ಕಂಪನ ತಡೆ ಇರುವಂಥದ್ದು. ಕ್ಯಾನನ್‌ನಲ್ಲಿ ಕ್ಯಾಮೆರಾದ ಜೊತೆ ಕಟ್ಟಿ ಮಾರುವ 75–300 ಅಂಕಿಯಲ್ಲಿ ದೊಡ್ಡದಾದರೂ ಅದರಲ್ಲಿ ಕಂಪನ ತಡೆ ಇಲ್ಲ. 375 ಗ್ರಾಂ ತೂಗುವ 55–250 ಎಸ್‌ಟಿಎಂ ಚಿತ್ರದ ಹರಿತದಲ್ಲಿ ಅದಕ್ಕಿಂತ ಮೇಲು. ಇನ್ನಷ್ಟು ಕೂಡಿಟ್ಟವರು ಹಳೆಯ 300 ಎಫ್/4 ಅಥವಾ ಕ್ಯಾನನ್‌ನ 400 ಎಫ್/5.6 ಲೆನ್ಸನ್ನು ಹುಡುಕಬಹುದು. ಎರಡನೆಯದು 1993ರದು, ತೂಕ ಒಂದೂಕಾಲು ಕಿಲೋ. ಕಂಪನ ತಡೆ ಇಲ್ಲದಿದ್ದರೂ ಹಾರುವ ಹಕ್ಕಿಗೆ ಹೇಳಿಮಾಡಿಸಿದಂತಿದೆ. ಕಾಡಿನ ನೆರಳಿಗಾದರೆ 300 ಎಫ್/4 ಲೇಸು. ಕ್ಯಾನನ್‌ನ ಆ ಲೆನ್ಸ್ ಒಂದೂವರೆ ಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಆಗುವುದರಿಂದ ಚಿಟ್ಟೆ, ಓತಿಗಳಿಗೂ ಒದಗುತ್ತದೆ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳತ್ತ ಮಾರುಕಟ್ಟೆಯೇ ಹೊರಳಿರುವುದರಿಂದ ಈ ಹಳೆಯ ಲೆನ್ಸುಗಳು ಎರಡನೆಯ ಕೈಯಲ್ಲಿ ಸಿಗುತ್ತಿವೆ. ಬಡ ಛಾಯಾಗ್ರಾಹಕನಿಗೆ ಅದೊಂದು ಅನುಕೂಲ. ಆದರೆ ಕೊಳ್ಳುವ ಮುನ್ನ ಕ್ಯಾಮೆರಾವನ್ನು ಜೊತೆಗೊಯ್ದು ಜೋಡಿಸಿ ನೋಡಬೇಕು. ನಿಕಾನ್‌ನ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರು ಇಲ್ಲದ ಕಾರಣ, ಒಳಗೆ ತನ್ನದೇ ಮೋಟಾರು ಇಲ್ಲದ ಹಳೆಯ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ.

ಲೆನ್ಸ್ ಕಳಚಲಾಗದ ಸೂಪರ್‌ಜೂಮ್ ಕ್ಯಾಮೆರಾಗಳನ್ನು ‘ಆಟಿಕೆ’ ಎಂದು ಹೀಗಳೆಯುವ ಚಾಳಿಯೊಂದಿದೆ. 2015ರ ನಿಕಾನ್ ಪಿ900 ತನ್ನ ಪುಟ್ಟ ಸೆನ್ಸರಿನ ನೆರವಿನಿಂದ 2000 ಮಿ.ಮೀ.ಗೆ ಸಮನಾದ ದೂರವನ್ನು ಮುಟ್ಟಿತು. ಸಂಜೆಗತ್ತಲಲ್ಲಿ ಅದು ಸೋಲುತ್ತದೆ, ಹಾರುವ ಹಕ್ಕಿಯ ಮುಂದೆಯೂ ಸೋಲುತ್ತದೆ. ಆದರೆ ಹಗಲ ಬೆಳಕಿನಲ್ಲಿ, ಅಘನಾಶಿನಿಯ ಅಳಿವೆಯಲ್ಲಿ ಕುಳಿತ ವಲಸೆ ಹಕ್ಕಿಯ ಕೊಕ್ಕಿನ ಬಣ್ಣವನ್ನು ಆಚೆದಡದಿಂದಲೇ ತೋರಿಸುವ ಸಾಧನ ಈ ಬೆಲೆಯಲ್ಲಿ ಇನ್ನೊಂದಿಲ್ಲ. ದಾಖಲೆಯಷ್ಟೇ ಉದ್ದೇಶವಾಗಿರುವ ಶಾಲೆಗೋ ಪಂಚಾಯಿತಿಗೋ ಇದೇ ತಕ್ಕದ್ದು ಎಂದರೆ ಪರಿಣತರು ಮುನಿಸಿಕೊಳ್ಳಬಾರದು.

ಮಲೆನಾಡಿಗೆ ಮಾತ್ರ ವಿಶೇಷವಾದ ಇನ್ನೊಂದು ಖರ್ಚು ಬೂಷ್ಟಿನದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯಲ್ಲಿ ಚಪ್ಪಲಿ, ಪುಸ್ತಕಗಳಿಗೆ ಹಿಡಿಯುವ ಬೂಷ್ಟು ಲೆನ್ಸಿನೊಳಗಿನ ಗಾಜಿಗೂ ಹಿಡಿಯುತ್ತದೆ. ಜೇಡರ ಬಲೆಯಂತೆ ಹಬ್ಬಿ ಕೊನೆಗೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಹಳೆಯ ಲೆನ್ಸ್ ಕೊಳ್ಳುವವರು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಇಣುಕಿ ನೋಡದೆ ಹಣ ಕೊಡಬಾರದು. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಡುವುದು ಬೂಷ್ಟನ್ನು ಕರೆದು ಕೂರಿಸಿದಂತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೊಂದು ಹಿಡಿ ಸಿಲಿಕಾ ಜೆಲ್: ಖರ್ಚು ಇಷ್ಟೇ. ನೀಲಿ ಹರಳು ತೇವ ಹೀರಿ ನಸುಗೆಂಪಾದಾಗ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆ ಮಾತ್ರ ಬೇಡ. ಮುಕ್ಕಾಲಿಗೆ ಹಣವಿಲ್ಲದವರು ಬಟ್ಟೆಯ ಚೀಲದಲ್ಲಿ ಭತ್ತವನ್ನೋ ಹುರುಳಿಯನ್ನೋ ತುಂಬಿ ದಣಪೆಯ ಮೇಲಿಟ್ಟು ಲೆನ್ಸನ್ನು ಊರಿದರಾಯಿತು.

ಕೊರತೆಯ ನಡುವೆಯೇ ದೊಡ್ಡ ಕೆಲಸ ಮಾಡಿದವರು ಹಿಂದೆಯೂ ಇದ್ದರು. 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ನೌಕರಿಯಲ್ಲಿದ್ದು, ಮುಂದೆ ಮದರಾಸಿನಲ್ಲಿ ನೆಲೆಸಿದ ನಿಸರ್ಗ ಲೇಖಕ ಎಂ. ಕೃಷ್ಣನ್ (1912–1996) ಒಂದು ತಯಾರಿಕೆಯ ಕ್ಯಾಮೆರಾ ಒಡಲಿಗೆ ಇನ್ನೊಂದರ ಟೆಲಿ ಲೆನ್ಸನ್ನು ತಾವೇ ಹೊಂದಿಸಿಕೊಂಡು, ಆ ಕೂಡಿಕೆಗೆ ‘ಸೂಪರ್ ಪಾಂಡೆರೋಸಾ’ ಎಂಬ ತಮಾಷೆಯ ಹೆಸರನ್ನಿಟ್ಟಿದ್ದರು. ಅದರಲ್ಲಿಯೇ ತೆಗೆದ ಆನೆ, ಕಾಟಿಗಳ ಕಪ್ಪುಬಿಳುಪು ಚಿತ್ರಗಳು ಇಂದಿಗೂ ಪ್ರಮಾಣವಾಗಿ ನಿಂತಿವೆ. ಅವರ ಬಂಡವಾಳ ಗಾಜಿಗಿಂತ ಹೆಚ್ಚಾಗಿ ಪ್ರಾಣಿಗಳ ನಡವಳಿಕೆಯ ಅರಿವಾಗಿತ್ತು. ಯಾವ ಅತ್ತಿಯ ಮರ ಯಾವ ತಿಂಗಳು ಹಣ್ಣಾಗುತ್ತದೆ, ಮಂಗಟ್ಟೆ ಅದಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಹಳ್ಳಿಯ ದನಗಾಹಿಗೆ ಗೊತ್ತು, ಪಟ್ಟಣದ ಹತ್ತು ಲಕ್ಷದ ಲೆನ್ಸಿಗೆ ಗೊತ್ತಿಲ್ಲ.

ಆದರೆ ಈ ಮಾತಿಗೆ ಅಪಾಯದ ಮಗ್ಗುಲೂ ಇದೆ. ಗಿಡ್ಡ ಲೆನ್ಸ್ ಇರುವವನಿಗೆ ಉಳಿದ ದೂರವನ್ನು ಕಾಲಿನಿಂದ ತುಂಬುವ ಆಸೆ ಹುಟ್ಟುತ್ತದೆ. ಗೂಡೆಂದರೆ ಹಕ್ಕಿ ಮರಳಿ ಬಂದೇ ಬರುವ ಸ್ಥಳ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮೆತ್ತಿಕೊಂಡು, ಕೊಕ್ಕು ತೂರುವಷ್ಟೇ ಸೀಳನ್ನು ಉಳಿಸಿಕೊಳ್ಳುತ್ತದೆ. ತಾಯಿ ಮರಿಗಳ ಹೊಟ್ಟೆಪಾಡು ಗಂಡಿನದು. ಬುಡದಲ್ಲಿ ಮನುಷ್ಯರು ಠಿಕಾಣಿ ಹೂಡಿದರೆ ಗಂಡು ಹಣ್ಣನ್ನು ಕೊರಳಲ್ಲಿಟ್ಟುಕೊಂಡೇ ದೂರದ ಮರದಲ್ಲಿ ಕಾಯುತ್ತದೆ, ಇಲ್ಲವೇ ಹಿಂದಿರುಗುತ್ತದೆ. ಒಳಗಿರುವವಕ್ಕೆ ಆ ಹೊತ್ತಿನ ಊಟ ತಪ್ಪಿತು. ಸಣ್ಣ ಹಕ್ಕಿಗಳ ಗೂಡಿನ ಮುಂದೆ ‘ಅಡ್ಡ ಬಂದ’ ಎಲೆ, ಕಡ್ಡಿಗಳನ್ನು ಕತ್ತರಿಸುವವರೂ ಇದ್ದಾರೆ. ಅವರು ಚಿತ್ರ ತೆಗೆದುಕೊಂಡು ಹೋದ ಮೇಲೆ ಮರೆಯಿಲ್ಲದ ಆ ಗೂಡು ಕಾಗೆಗೆ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ ಎಂಬುದು ಕೋವಿ ಹಿಡಿಯದ ಛಾಯಾಗ್ರಾಹಕರಿಗೆ ತಿಳಿದಿರಲಿ. ಅಭಯಾರಣ್ಯದೊಳಗೆ ಚಿತ್ರ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದೂ ಅದೇ ಕಾಯಿದೆಯ ಮಾತು. ಆನೆಯ ಎದುರಿಗಂತೂ ಲೆನ್ಸಿನ ಚರ್ಚೆಯೇ ಅಸಂಬದ್ಧ: ಗಿಡ್ಡ ಲೆನ್ಸಿನಲ್ಲಿ ಅದು ಚೌಕಟ್ಟು ತುಂಬಿತೆಂದರೆ ಓಡಲು ಹೊತ್ತು ಉಳಿದಿಲ್ಲ ಎಂದರ್ಥ.

ಹಾಗಾಗಿ 300 ಮಿ.ಮೀ. ಲೆನ್ಸಿನವರು 300 ಮಿ.ಮೀ. ಲೆನ್ಸಿಗೆ ದಕ್ಕುವ ಚಿತ್ರಗಳನ್ನೇ ತೆಗೆಯಬೇಕು. ಹಣ್ಣಿನ ಮರದಿಂದ ದೂರದಲ್ಲಿ ಕುಳಿತು ಕಾಯಬಹುದು. ತೋಟದ ಅಂಚಿನಲ್ಲಿ ಮನುಷ್ಯರ ಓಡಾಟಕ್ಕೆ ಒಗ್ಗಿದ ಕೆಂದಳಿಲು, ಮಿಂಚುಳ್ಳಿ, ಕಾಜಾಣಗಳಿಂದ ಕೈ ಪಳಗಿಸಿಕೊಳ್ಳಬಹುದು. ಬಿಳಿ ಆಕಾಶದ ಎದುರಿನ ಕಪ್ಪು ಸಿಂಗಳೀಕ ಬರಿಯ ನೆರಳಾಗಿ ಮೂಡದಂತೆ ಬೆಳಕಿನ ಪ್ರಮಾಣವನ್ನು ಒಂದೆರಡು ಮೆಟ್ಟಿಲು ಏರಿಸಿಕೊಳ್ಳುವುದನ್ನೂ ಕಲಿಯಬೇಕು. ಇದಕ್ಕೆ ಕಾಸು ಖರ್ಚಿಲ್ಲ. ತಿಳಿಯದಿದ್ದರೆ ಮಾತ್ರ ದುಬಾರಿ ಲೆನ್ಸೂ ಉಪಯೋಗಕ್ಕೆ ಬಾರದು.

ಉದ್ದದ ಲೆನ್ಸ್ ನಿಜಕ್ಕೂ ಬೇಕಾಗುವ ಊರುಗಳಲ್ಲಿ ಅದು ಒಬ್ಬೊಬ್ಬರ ಆಸ್ತಿಯಾಗಬೇಕೆಂಬ ನಿಯಮವೇನಿಲ್ಲ. ಭತ್ತದ ಒಕ್ಕಣೆ ಯಂತ್ರವನ್ನು ನಾಲ್ಕು ಮನೆಯವರು ಕೂಡಿ ಕೊಳ್ಳುವಂತೆ, ಒಂದು ಬ್ರಾಂಡಿನ ಕ್ಯಾಮೆರಾ ಇರುವ ಐದಾರು ಮಂದಿ ಕೂಡಿ ಬಳಸಿದ 150–600 ಲೆನ್ಸೊಂದನ್ನು ತರಬಹುದು. ಮಳೆಗಾಲದಲ್ಲಿ ಅದನ್ನು ಒಣಡಬ್ಬಿಯಲ್ಲಿಟ್ಟು ನೋಡಿಕೊಳ್ಳುವ ಒಂದು ಮನೆ ಗೊತ್ತಾಗಬೇಕು. ಲೆನ್ಸಿನ ಜೊತೆಗೊಂದು ದಪ್ಪ ರಟ್ಟಿನ ಪುಸ್ತಕವೂ ಇರಲಿ. ತೆಗೆದ ದಿನ, ಹೊತ್ತು, ಹಳ್ಳದ ಅಥವಾ ಕಾನಿನ ಹೆಸರು, ಮರ ಯಾವುದು, ಪ್ರಾಣಿಗಳೆಷ್ಟು, ಏನು ತಿನ್ನುತ್ತಿದ್ದವು, ಜೊತೆಗಿದ್ದವರು ಯಾರು ಎಂಬುದನ್ನೆಲ್ಲ ಅದೇ ಸಂಜೆ ಬರೆದಿಡಬೇಕು. ಕ್ಯಾಮೆರಾ ಬರೆದ ಮೂಲ ಕಡತವನ್ನು ತಿದ್ದದೆ ಎರಡು ಕಡೆ ಉಳಿಸಬೇಕು. ಆಕ್ಷೇಪಣೆ ಸಲ್ಲಿಸುವಾಗ ಬೆಲೆ ಬರುವುದು ಅದಕ್ಕೇ. ಗೆಳೆಯರ ಮೊಬೈಲುಗಳಿಗೆ ಹಂಚುವ ಪ್ರತಿಯಲ್ಲಿ ಮಾತ್ರ ಸ್ಥಳದ ಗುರುತನ್ನು ಅಳಿಸಿರಬೇಕು. ಕಾಡುಪಾಪ ಎಲ್ಲಿದೆ, ಮಂಗಟ್ಟೆಯ ಪೊಟರೆ ಯಾವ ಮರದಲ್ಲಿದೆ ಎಂದು ತಿಳಿಯಲು ಕಾದಿರುವವರಲ್ಲಿ ಛಾಯಾಗ್ರಾಹಕರಲ್ಲದವರೂ ಇದ್ದಾರೆ.