ಲಾಗಿನ್ ಆಗದಿದ್ದರೆ ಕಾವಲು ತೆಗೆಯಬೇಡಿ



ಪಶುವೈದ್ಯನಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಗೆ ಹೋದಾಗ, ಎಮ್ಮೆ-ಆಕಳು ನೋಡಿ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. “ಡಾಕ್ಟರ್ರ, ನಮ್ಮ ಹುಡುಗಿ ಕಂಪ್ಯೂಟರದಾಗ ಆ ವೆಬ್‌ಸೈಟ್ ತೆರೀವಲ್ದು. ಪಾಸ್‌ವರ್ಡ್ ತಪ್ಪು ಅನ್ನಾಕತ್ತೈತಿ. ಏನ್ ಮಾಡೋಣ್ರಿ?”

ಈಗ ಬಹಳ ಮನೆಗಳಲ್ಲಿ ಮಕ್ಕಳ ಓದಿಗೆಂದು ತಂದ ಹಳೇ ಕಂಪ್ಯೂಟರೋ ಲ್ಯಾಪ್‌ಟಾಪೋ ಇದೆ. ಮಗಳ ಎಸ್‌ಎಸ್‌ಪಿ ವಿದ್ಯಾರ್ಥಿವೇತನ, ಸೇವಾ ಸಿಂಧು ಅರ್ಜಿ, ಫ್ರೂಟ್ಸ್‌ನ ಎಫ್‌ಐಡಿ ನೋಡುವುದು, ಬ್ಯಾಂಕಿನ ಲೆಕ್ಕ ನೋಡುವುದು ಎಲ್ಲ ಅದರಲ್ಲೇ. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನಿಮ್ಮ ಖಾತೆಗೆ ನೇರ ಬೀಳುತ್ತದೆ. ಹಾಲಿನ ಬಟವಾಡೆ ಕೂಡ ಖಾತೆಗೇ. ಹಾಗಾಗಿ ಲಾಗಿನ್ ಅನ್ನುವುದು ಇವತ್ತು ನಿಮ್ಮ ಟ್ರಂಕಿನ ಕೀಲಿ ಇದ್ದ ಹಾಗೆ.

ನನಗೆ ಸಿಟ್ಟು ಬರುವುದು ಲಾಗಿನ್ ಆಗಲಿಲ್ಲ ಎಂಬುದಕ್ಕಲ್ಲ. ಆಗ ಊರಲ್ಲಿ ಸಿಗುವ ಸಲಹೆಗೆ. ಓಣಿಯ ಯಾವುದೋ ಹುಡುಗ ಬಂದು, ಪರದೆ ನೋಡುವ ಮೊದಲೇ, “ಅಂಟಿವೈರಸ್ ಅಡ್ಡ ಮಾಡಾಕತ್ತೈತವ್ವ, ಅದನ್ನ ತಗದ ಬಿಡು” ಅನ್ನುತ್ತಾನೆ. ತೆಗೆದೂ ಬಿಡುತ್ತಾನೆ. ಆಮೇಲೆ ಅದನ್ನು ಮತ್ತೆ ಹಾಕುವವರು ಯಾರೂ ಇರುವುದಿಲ್ಲ.

ಈ ಮಾತು ನಾನು ದಿನಾ ಕೇಳುವ ಇನ್ನೊಂದು ಮಾತಿನ ಅಣ್ಣನೋ ತಮ್ಮನೋ ಇರಬೇಕು. “ಲಸಿಕಿ ಹಾಕಿಸಿದ್ರ ಹಾಲು ಕಡಿಮಿ ಆಗತಾವ್ರಿ, ಈ ಸಲ ಬ್ಯಾಡ ಬಿಡ್ರಿ.” ಲಸಿಕೆ ಹಾಕಿದ ಎರಡು-ಮೂರು ದಿನ ಕೆಲವು ದನಗಳಿಗೆ ಸಣ್ಣ ಜ್ವರ ಬಂದು ಹಾಲು ತುಸು ಇಳಿಯುತ್ತದೆ, ಅದು ಸುಳ್ಳಲ್ಲ. ಆದರೆ ಬೇನೆಯೇ ಬಂದರೆ ಬಾಯಿ-ಗೊರಸು ಹುಣ್ಣಾಗಿ ಆ ಸೂಲಿನ ಹಾಲೇ ಕೈಬಿಡಬಹುದು. ಅಂಟಿವೈರಸ್ಸೂ ಹಾಗೆಯೇ. ಕಂಪ್ಯೂಟರನ್ನು ತುಸು ನಿಧಾನ ಮಾಡುತ್ತದೆ, ಒಮ್ಮೊಮ್ಮೆ ಬೇಡದ ಕಡೆ ತಡೆಯುತ್ತದೆ. ಅಷ್ಟಕ್ಕೇ ಕಾವಲು ತೆಗೆದರೆ ಖಾತೆಯಲ್ಲಿದ್ದದ್ದು ಒಂದೇ ದಿನದಲ್ಲಿ ಖಾಲಿಯಾದೀತು.

ಕೆಚ್ಚಲು ಬಾತಿದೆ ಎಂದು ನೀವು ಕರೆದಾಗ ನಾನು ಬಂದ ಕೂಡಲೇ ಸೂಜಿ ಚುಚ್ಚುವುದಿಲ್ಲ. ನಾಲ್ಕು ಮೊಲೆಯನ್ನೂ ಒಂದೊಂದಾಗಿ ಹಿಂಡಿ, ಯಾವುದರಲ್ಲಿ ಗಂಟು ಬರುತ್ತದೆ ನೋಡುತ್ತೇನೆ. ಲಾಗಿನ್ ಕೂಡ ಹೀಗೆಯೇ ನೋಡಬೇಕು. ಮೊದಲು ಅದೇ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆದು ನೋಡಿ. ಅಲ್ಲೂ ತೆರೆಯದಿದ್ದರೆ ತಪ್ಪು ನಿಮ್ಮದಲ್ಲ, ಕಂಪ್ಯೂಟರಿನದೂ ಅಲ್ಲದಿರಬಹುದು. ಅರ್ಜಿಯ ಕೊನೇ ದಿನ ಬಂತೆಂದರೆ ಎಲ್ಲರೂ ಒಂದೇ ಸಲ ನುಗ್ಗಿ ಸರ್ವರ್ ಕೂತುಬಿಡುತ್ತದೆ. ರಾತ್ರಿ ಊಟವಾದ ಮೇಲೋ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೋ ನೋಡಿದರೆ ತಾನೇ ತೆರೆಯುತ್ತದೆ. ಮೊಬೈಲಿನಲ್ಲಿ ತೆರೆದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯದಿದ್ದರೆ ಆಗ ಕಂಪ್ಯೂಟರನ್ನು ಹಿಡಿಯಿರಿ.

ಹಳೇ ಕಂಪ್ಯೂಟರಿನಲ್ಲಿ ನಾನು ಹೆಚ್ಚು ಕಂಡದ್ದು ತಾರೀಖಿನ ತಪ್ಪು. ಪರದೆಯ ಕೆಳಗೆ ಬಲಮೂಲೆಯಲ್ಲಿ ದಿನಾಂಕ ನೋಡಿ. ಅಲ್ಲಿ ಎಷ್ಟೋ ವರ್ಷ ಹಿಂದಿನ ತಾರೀಖು ಇದ್ದರೆ ನಿಮ್ಮ ಪಾಸ್‌ವರ್ಡ್ ಎಷ್ಟೇ ಸರಿ ಇದ್ದರೂ ಉಪಯೋಗವಿಲ್ಲ. ಪ್ರತಿ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಲಸಿಕೆ ಬಾಟಲಿಯ ಮೇಲೆ ತಯಾರಾದ ದಿನ, ಅವಧಿ ಮುಗಿಯುವ ದಿನ ಎರಡೂ ಇರುತ್ತದಲ್ಲ, ಹಾಗೆ. ಕಂಪ್ಯೂಟರು ತನ್ನ ಗಡಿಯಾರ ನೋಡಿಕೊಂಡು, ಈ ಪತ್ರ ಇವತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದು ತಿಳಿದು “ಈ ಸಂಪರ್ಕ ಸುರಕ್ಷಿತವಲ್ಲ” ಅನ್ನುತ್ತದೆ. ಬೈಗುಳ ತಿನ್ನುವುದು ಅಂಟಿವೈರಸ್. ತಾರೀಖು, ಸಮಯ ಸರಿ ಮಾಡಿದರೆ ಮುಗಿಯಿತು. ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಹಿಂದೆ ಸರಿಯುತ್ತಿದ್ದರೆ, ಒಳಗೆ ನಾಣ್ಯದಂಥ ಒಂದು ಚಿಕ್ಕ ಬ್ಯಾಟರಿ ಸತ್ತಿದೆ ಎಂದರ್ಥ. ಕಡಿಮೆ ಬೆಲೆಯ ಬ್ಯಾಟರಿ ಅದು. ಅದಕ್ಕೆ ಹೊಸ ಕಂಪ್ಯೂಟರು ತರಬೇಕು ಅನ್ನುವವನ ಮಾತು ಕೇಳಬೇಡಿ.

ಎರಡನೆಯದು ಕೇಳಿದರೆ ನಗು ಬರುತ್ತದೆ. ಮಗ ನುಡಿಯಲ್ಲಿ ಕನ್ನಡ ಟೈಪು ಮಾಡಿ ಎದ್ದು ಹೋಗಿರುತ್ತಾನೆ. ಕೀಲಿಮಣೆ ಇನ್ನೂ ಕನ್ನಡದಲ್ಲೇ ಇದೆ. ನೀವು ಪಾಸ್‌ವರ್ಡ್ ಒತ್ತುತ್ತೀರಿ, ಪರದೆಯಲ್ಲಿ ಬರೀ ಚುಕ್ಕೆ ಕಾಣುತ್ತದೆ, ಒಳಗೆ ಹೋದದ್ದು ಬೇರೆಯೇ ಅಕ್ಷರ! ನುಡಿಯಲ್ಲಿ ಸ್ಕ್ರಾಲ್ ಲಾಕ್ ಕೀಲಿ ಒತ್ತಿದರೆ ಇಂಗ್ಲಿಷಿಗೆ ಬರುತ್ತದೆ. ಕ್ಯಾಪ್ಸ್ ಲಾಕ್ ದೀಪ ಹತ್ತಿದ್ದರೂ ಇದೇ ಗೋಳು. ಅನುಮಾನ ಬಂದರೆ ಪಾಸ್‌ವರ್ಡನ್ನು ಮೊದಲು ಖಾಲಿ ನೋಟ್‌ಪ್ಯಾಡಿನಲ್ಲಿ ಹೊಡೆದು ಕಣ್ಣಿಂದ ನೋಡಿ, ಆಮೇಲೆ ಅಳಿಸಿಬಿಡಿ. ತಪ್ಪು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಹಾಕುತ್ತಾ ಹೋದರೆ ಖಾತೆಗೆ ಬೀಗ ಬೀಳುತ್ತದೆ. ಎರಡು ಸಲ ತಪ್ಪಾದರೆ ಕೈ ತೆಗೆಯಿರಿ.

ಇನ್ನು ಹಳೇ ವಿಂಡೋಸ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕಂಪನಿ 2020ರ ಜನವರಿಯಲ್ಲೇ ರಿಪೇರಿ ಕಳಿಸುವುದನ್ನು ನಿಲ್ಲಿಸಿತು. 2023ರಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೂ ಅದರ ಮೇಲೆ ಕೂರುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಮಗಳು ಪಾಠ ಬರೆಯಲು, ಟೈಪು ಕಲಿಯಲು ಹಳೇ ಯಂತ್ರ ಇರಲಿ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ಅಂಟಿವೈರಸ್ ಬಗ್ಗೆ ಕೇಳುತ್ತೀರಿ, ಯಾವುದು ಕೊಳ್ಳಬೇಕು ಅಂತ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಎಂಬ ಕಾವಲು ಕಂಪ್ಯೂಟರಿನ ಜೊತೆಗೇ ಬಂದಿರುತ್ತದೆ, ದುಡ್ಡು ಕೊಡಬೇಕಿಲ್ಲ. ಮನೆ ಬಳಕೆಗೆ ಸಾಕು. ಅದರ ಜೊತೆ ಇನ್ನೆರಡು ಹಾಕಿದರೆ ಒಂದೇ ದಾವಣಿಗೆ ಎರಡು ಹೋರಿ ಕಟ್ಟಿದಂತೆ, ತಮ್ಮತಮ್ಮಲ್ಲೇ ಗುದ್ದಾಡುತ್ತವೆ, ಯಂತ್ರ ನಿಂತುಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಯಾರೋ ತಂದು ಪುಕ್ಕಟೆ ಹಾಕಿಕೊಡುವ ಕಳ್ಳ ಅಂಟಿವೈರಸ್ ಎಲ್ಲಕ್ಕಿಂತ ಕೆಟ್ಟದ್ದು, ತೋಳನನ್ನೇ ಕೊಟ್ಟಿಗೆ ಕಾಯಲು ಕೂರಿಸಿದ ಹಾಗೆ. ಇನ್ನು ಅಂಟಿವೈರಸ್ ಒಂದು ವೆಬ್‌ಸೈಟನ್ನು ತಡೆದರೆ, ತಡೆದದ್ದು ಯಾಕೆ ಎಂದು ಮೊದಲು ಓದಿಸಿ. ವಿಳಾಸವನ್ನು ಅಕ್ಷರ ಅಕ್ಷರ ನೋಡಿಸಿ. ಸರ್ಕಾರದ ವೆಬ್‌ಸೈಟ್ ವಿಳಾಸ ಬಹುತೇಕ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಜಿಒವಿ ನಡುವೆ ಎಲ್ಲೋ ಬಂದು, ಕೊನೆಗೆ ಬೇರೆ ಏನೋ ಇದ್ದರೆ ಅದು ನಕಲಿ. ಗೂಗಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಒಮ್ಮೊಮ್ಮೆ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು, ಅದನ್ನೇ ಒತ್ತಬೇಡಿ. ವಿಳಾಸ ನಿಜವೇ ಎಂದು ಖಾತ್ರಿಯಾದರೆ ಆ ಒಂದು ವೆಬ್‌ಸೈಟಿಗೆ ಮಾತ್ರ ಬಿಡುವು ಕೊಡುವ ದಾರಿ ಅಂಟಿವೈರಸ್ಸಿನಲ್ಲೇ ಇರುತ್ತದೆ. ಒಂದು ಕರು ಒಳಗೆ ಬಿಡಲು ಇಡೀ ಬೇಲಿ ಕಿತ್ತು ಹಾಕುವುದಿಲ್ಲವಷ್ಟೆ.

ಇದ್ದಕ್ಕಿದ್ದಂತೆ ಪರದೆ ಕೆಂಪಾಗಿ, ಸೈರನ್ ಹೊಡೆದುಕೊಂಡು, “ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ” ಎಂದು ಬಂದರೆ ಹೆದರಬೇಡಿ. ನಿಜವಾದ ಅಂಟಿವೈರಸ್ ಎಂದೂ ಹೀಗೆ ಫೋನ್ ನಂಬರು ಕೊಟ್ಟು ಕೂಗುವುದಿಲ್ಲ. ಪವರ್ ಗುಂಡಿ ಒತ್ತಿ ಹಿಡಿದು ಬಂದ್ ಮಾಡಿ. ಆ ನಂಬರಿಗೆ ಫೋನ್ ಮಾಡಿದರೆ ಎನಿಡೆಸ್ಕ್‌ನಂಥದ್ದೊಂದನ್ನು ಹಾಕಿಸಿ, ಎಲ್ಲೋ ಕೂತು ನಿಮ್ಮ ಕಂಪ್ಯೂಟರನ್ನೇ ನಡೆಸುತ್ತಾರೆ. ಮೊಬೈಲಿಗೆ ವಾಟ್ಸ್ಯಾಪಿನಲ್ಲಿ ಬರುವ ಎಪಿಕೆ ಫೈಲುಗಳೂ ಇದೇ ಜಾತಿಯವು. ಮದುವೆ ಕರೆಯೋಲೆ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ಬರುತ್ತವೆ. ಒತ್ತಿದರೆ ನಿಮ್ಮ ಮೆಸೇಜುಗಳೆಲ್ಲ ಅವರಿಗೆ ಕಾಣುತ್ತವೆ, ಓಟಿಪಿ ಸಮೇತ.

ಪಾಸ್‌ವರ್ಡ್ ಎಲ್ಲೂ ಬರೆದಿಡಬಾರದು ಎಂದು ತಿಳಿದವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬರೆಯಬೇಡಿ ಎಂದ ಕೂಡಲೇ ನೀವು ಎಲ್ಲದಕ್ಕೂ ಮಗಳ ಹೆಸರು, ಅದರ ಮುಂದೆ 123 ಇಡುತ್ತೀರಿ. ಅದಕ್ಕಿಂತ ಉದ್ದನೆಯದೊಂದು ಪಾಸ್‌ವರ್ಡ್ ಇಟ್ಟು, ನೋಟುಬುಕ್ಕಿನಲ್ಲಿ ಬರೆದು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಡಿ. ಎಲ್ಲೋ ದೂರ ಕೂತ ಕಳ್ಳ ನಿಮ್ಮ ಟ್ರಂಕಿಗೆ ಕೈ ಹಾಕಲಾರ. ಗೋಡೆಯ ಕ್ಯಾಲೆಂಡರಿನ ಮೇಲೆ ಮಾತ್ರ ಬೇಡ. ತಾಲ್ಲೂಕಿನ ಸೈಬರ್ ಸೆಂಟರಿಗೆ ಹೋದಾಗ ಬ್ರೌಸರು “ಪಾಸ್‌ವರ್ಡ್ ಉಳಿಸಲೇ” ಎಂದು ಕೇಳಿದರೆ ಬೇಡ ಎನ್ನಿ, ಲಾಗೌಟ್ ಮಾಡಿಯೇ ಎದ್ದೇಳಿ.

ಈಗ ನಾನು ಹೇಳಲೇಬೇಕೆಂದಿರುವ ಮಾತಿಗೆ ಬರುತ್ತೇನೆ. “ಓಟಿಪಿ ಬರವಲ್ದು” ಎಂದು ಹೇಳುವ ಹತ್ತಾರು ತಾಯಂದಿರನ್ನು “ಯಾವ ನಂಬರಿಗೆ ಬರಬೇಕಿತ್ತವ್ವ?” ಎಂದು ಕೇಳಿದ್ದೇನೆ. ಗಂಡನ ನಂಬರು. ಪುಣೆಗೆ ದುಡಿಯಲು ಹೋದ ಮಗನ ನಂಬರು. ಅರ್ಜಿ ಹಾಕಿಕೊಟ್ಟ ಅಂಗಡಿಯವನ ನಂಬರು! ಎಮ್ಮೆ ನಿಮ್ಮದು, ಮೇವು ತರುವವರು ನೀವು, ನಸುಕಿನಲ್ಲಿ ಎದ್ದು ಹಿಂಡುವವರು ನೀವು, ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿ, ಖಾತೆಯೂ ನಿಮ್ಮದೇ. ಬಾಗಿಲು ತೆಗೆಯುವ ಕೀಲಿ ಮಾತ್ರ ಇನ್ನೊಬ್ಬರ ಕಿಸೆಯಲ್ಲಿ. ಮನೆಯವರ ಮೇಲೆ ನಂಬಿಕೆ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನಂಬಿಕೆಯದಲ್ಲ. ಮಗ ನಂಬರು ಬದಲಿಸುತ್ತಾನೆ, ಅಥವಾ ರೀಚಾರ್ಜ್ ಮಾಡದೆ ಬಿಡುತ್ತಾನೆ. ಹಾಗೆ ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆ ಯಾರಿಗಾದರೂ ಕೊಡಬಹುದು. ಆಗ ನಿಮ್ಮ ಆಧಾರಿನ ಓಟಿಪಿ, ಬ್ಯಾಂಕಿನ ಓಟಿಪಿ ಗುರುತಿಲ್ಲದ ಊರಿನ, ಗುರುತಿಲ್ಲದ ಮನುಷ್ಯನ ಕೈಗೆ ಹೋಗುತ್ತದೆ. ನಿಮ್ಮದೇ ಹೆಸರಿನಲ್ಲಿ ಒಂದು ಸಿಮ್ ಇರಲಿ, ಸಾದಾ ಫೋನಾದರೂ ನಡೆಯುತ್ತದೆ. ಆಧಾರ್ ಕೇಂದ್ರದಲ್ಲಿ, ಬ್ಯಾಂಕಿನಲ್ಲಿ, ಸಂಘದಲ್ಲಿ ಆ ನಂಬರನ್ನೇ ಬರೆಸಿ. ಹಾಲಿನ ದುಡ್ಡಿನಲ್ಲಿ ಮೊದಲ ಖರ್ಚು ಆ ಸಿಮ್ಮಿನ ರೀಚಾರ್ಜ್ ಆಗಲಿ.

ಓಟಿಪಿ ಕೇಳುವವರಲ್ಲಿ ನಾವೂ ಇದ್ದೇವೆ. ದನದ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕಿ ಭಾರತ್ ಪಶುಧನ್‌ನಲ್ಲಿ ನೋಂದಾಯಿಸುವಾಗ ಮಾಲೀಕರ ಮೊಬೈಲಿಗೆ ಓಟಿಪಿ ಬರುತ್ತದೆ. “ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತೀರಿ, ನೀವೇ ಕೇಳತೀರಲ್ರಿ” ಎಂದು ಸಿಂದಗಿ ಕಡೆಯ ಒಬ್ಬ ತಾಯಿ ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ನಾನು ಕೇಳುವುದು ನಿಮ್ಮ ಕೊಟ್ಟಿಗೆಯಲ್ಲಿ, ನಿಮ್ಮ ದನದ ಪಕ್ಕದಲ್ಲಿ ನಿಂತು. ಆಗಲೂ ಅಂಕಿ ಹೇಳುವ ಮೊದಲು ಮೆಸೇಜನ್ನು ಪೂರ್ತಿ ಓದಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಅದರಲ್ಲಿ ದುಡ್ಡಿನ ಮಾತೋ ಬ್ಯಾಂಕಿನ ಹೆಸರೋ ಇದ್ದರೆ ನನಗೂ ಹೇಳಬೇಡಿ. ಫೋನಿನಲ್ಲಿ, “ಪಶು ಆಸ್ಪತ್ರೆಯಿಂದ ಮಾತಾಡ್ತೀನಿ, ಡೇರಿಯಿಂದ ಮಾತಾಡ್ತೀನಿ, ಪ್ರೋತ್ಸಾಹಧನ ನಿಂತಿದೆ, ಓಟಿಪಿ ಹೇಳಿ” ಅಂದವರಿಗಂತೂ ಹೇಳಲೇಬೇಡಿ. ಇಲಾಖೆಯ ನಾವು ಮತ್ತು ಸಂಘದ ಕಾರ್ಯದರ್ಶಿಗಳು ಕೂಡ, ಓಟಿಪಿ ಕೇಳುವ ಮೊದಲು ಅದು ಯಾತಕ್ಕೆ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಳ್ಳಬೇಕು. ಅವಸರದಲ್ಲಿ “ನಂಬರ್ ಹೇಳವ್ವ” ಎಂದು ಕೈ ಚಾಚುವುದು ನಾವೇ ಕಲಿಸಿದ ಕೆಟ್ಟ ಚಟ, ಮೋಸಗಾರರು ಅದನ್ನೇ ಬಳಸುತ್ತಾರೆ. ಮಹಿಳಾ ಸಂಘಗಳ ಸಭೆಯಲ್ಲಿ ಫ್ಯಾಟು, ಡಿಗ್ರಿ, ಹಿಂಡಿಯ ದರದ ಮಾತು ಮುಗಿದ ಮೇಲೆ ಅರ್ಧ ತಾಸು ಇದಕ್ಕೆ ಇಡಿ. ಪಿಯುಸಿ ಓದುವ ನಿಮ್ಮ ಮಗಳೇ ಸಾಕು, ಹೇಳಿಕೊಡಲು ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ.

ಇಷ್ಟಾದರೂ ಖಾತೆಯಿಂದ ದುಡ್ಡು ಹೋದರೆ, ಮನೆಯಲ್ಲಿ ಬೈಯುತ್ತಾರೆಂದು ಸೆರಗಲ್ಲಿ ಕಟ್ಟಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕ್ 2017ರಲ್ಲಿ ಮಾಡಿದ ನಿಯಮದ ಪ್ರಕಾರ, ನೀವೇ ಓಟಿಪಿ ಹೇಳಿ ಹೋದ ದುಡ್ಡಾದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ, ಹೊರಗಿನವರ ಕೈವಾಡದಿಂದ ಹೋಗಿದ್ದರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ನಷ್ಟ ಬರುವುದಿಲ್ಲ. ದೂರಿನ ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ವಿಜಯಪುರದ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ಆ ಸಂಖ್ಯೆ, ಪಾಸ್‌ಬುಕ್ಕು, ಮೆಸೇಜು ಬಂದ ಫೋನು ಮೂರೂ ಕೈಯಲ್ಲಿರಲಿ. ಫೋನಿನಲ್ಲಿದ್ದ ಯಾವ ಮೆಸೇಜನ್ನೂ ಅಳಿಸಬೇಡಿ.

ಮುಂದಿನ ಸುತ್ತಿನ ಲಸಿಕೆಗೆ ಬಂದಾಗ ನಿಮ್ಮ ನಂಬರು ಬದಲಾಗಿದ್ದರೆ ದನ ಹಿಡಿಯುವ ಮೊದಲೇ ಹೇಳಿ. ಓಲೆಯ ದಾಖಲೆಯಲ್ಲಿ ಅದನ್ನೂ ತಿದ್ದಿಸೋಣ.