ಕೆಟ್ಟು ನಿಂತ ನೀರಿನ ಘಟಕ



ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಸಂಗತಿಯೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಇಲ್ಲಿನ ಹಳ್ಳಿಯೊಂದರ ಶುದ್ಧ ಕುಡಿಯುವ ನೀರಿನ ಘಟಕ ಮೂರು ತಿಂಗಳಿಂದ ಕೆಟ್ಟು ನಿಂತಿದೆ. ನಾಣ್ಯ ಹಾಕುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿದೆ. ಬೈಕ್ ಇದ್ದವರು ಪಕ್ಕದೂರಿನಿಂದ 20 ಲೀಟರ್ ಕ್ಯಾನ್ ತರುತ್ತಾರೆ. ಕಾಲೊನಿಯ ಕೂಲಿಕಾರರು ಮತ್ತೆ ಅದೇ ಬೋರ್‌ವೆಲ್ ನೀರಿಗೆ ಬಿಂದಿಗೆ ಹಿಡಿಯುತ್ತಾರೆ. ಅವರ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ಬೆನ್ನು ಬಾಗಿದ ಅಜ್ಜಿಯೊಬ್ಬರು ಕೊಡ ಎತ್ತಲಾಗದೆ ಚೊಂಬಿನಲ್ಲೇ ನಾಲ್ಕಾರು ಸಲ ನೀರು ಒಯ್ಯುತ್ತಾರೆ. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಮೂಳೆಗೆ ಇಳಿದರೆ ಅದಕ್ಕೆ ಔಷಧಿಯಿಲ್ಲ, ಒಳ್ಳೆಯ ನೀರೊಂದೇ ತಡೆ.

ಘಟಕ ಉದ್ಘಾಟಿಸುವಾಗಿನ ಉತ್ಸಾಹ ಅದರ ನಿರ್ವಹಣೆಯಲ್ಲೂ ಇರಬೇಕಲ್ಲವೇ? ಕೆಲವು ಕಡೆ ಟಿಡಿಎಸ್ ಮೀಟರ್ ಅದ್ದಿ ನೋಡಿ ‘ನೀರು ಚೆನ್ನಾಗಿದೆ’ ಎಂದುಬಿಡುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶದ ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ.

ಫ್ಲೋರೈಡ್ ಪರೀಕ್ಷೆಯ ಫಲಿತಾಂಶ, ನೀರು ಸೋಸುವ ಮೆಂಬ್ರೇನ್ ಬದಲಿಸಿದ ದಿನಾಂಕ, ರಿಪೇರಿಗೆ ಕರೆಯಬೇಕಾದ ಫೋನ್ ಸಂಖ್ಯೆ ಇವಿಷ್ಟನ್ನು ಪ್ರತಿ ಘಟಕದ ಗೋಡೆಯ ಮೇಲೆ ಬರೆಸಬೇಕು. ಶಾಲೆ, ಅಂಗನವಾಡಿಗಳಲ್ಲಿ ಮಳೆನೀರು ಸಂಗ್ರಹದ ತೊಟ್ಟಿ ಕಟ್ಟಿಸಿದರೆ ಇನ್ನೂ ಒಳ್ಳೆಯದು; ಮಳೆನೀರಿನಲ್ಲಿ ಫ್ಲೋರೈಡಿನ ಕಾಟವಿಲ್ಲ. ಘಟಕ ದುರಸ್ತಿಯಾಗುವವರೆಗೆ ಕಾಲೊನಿಗೆ ದಿನವೂ ಟ್ಯಾಂಕರಿನಲ್ಲಿ ಶುದ್ಧ ನೀರು ಕಳಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳಲ್ಲಿ ಗ್ರಾಮಸ್ಥರ ವಿನಂತಿ.

— ಓದುಗರೊಬ್ಬರು, ಪಾವಗಡ ತಾಲ್ಲೂಕು