ಕತ್ತರಿ ಬಿದ್ದ ಗುಳಿಗೆ ಪಟ್ಟಿ, ಕೋರ್ಟು ಕಾಣದ ಕೇಸು

ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಕಿತ್ತೂರು ಉತ್ಸವದ ಭಿತ್ತಿಪತ್ರ, ಔಷಧ ಅಂಗಡಿಗಳ ಬಿಲ್ ಪುಸ್ತಕ, ಇದೇ ನಮ್ಮ ಹೊಟ್ಟೆಪಾಡು. ಕೆಲ ವರ್ಷಗಳ ಹಿಂದೆ ತಾಯಿಗೆ ಮೊಣಕಾಲು ನೋವೆಂದು ಗುಳಿಗೆ ತಂದೆ. ಎರಡನೇ ದಿನಕ್ಕೆ ಮೈತುಂಬ ಬೊಬ್ಬೆ. ಎಂಟು ದಿನ ಆಸ್ಪತ್ರೆ. ಗುಣವಾದ ಮೇಲೆ ಸಿಟ್ಟಿನಿಂದ ವಕೀಲರ ಬಳಿ ಹೋದೆ. ಅವರು ಕೇಳಿದ್ದು ಎರಡೇ ಮಾತು. ಬಿಲ್ ಎಲ್ಲಿ? ಬ್ಯಾಚ್ ನಂಬರ್ ಎಷ್ಟು?

ಬಿಲ್ ನಾನು ಕೇಳಿಯೇ ಇರಲಿಲ್ಲ. ಆ ಅಂಗಡಿಯ ಬಿಲ್ ಪುಸ್ತಕ ಅಚ್ಚಾದದ್ದು ನನ್ನ ಯಂತ್ರದಲ್ಲೇ! ಹತ್ತು ಗುಳಿಗೆಯ ಪಟ್ಟಿಯಲ್ಲಿ ಆರನ್ನು ಅಂಗಡಿಯವ ಕತ್ತರಿಸಿ ಕೊಟ್ಟಿದ್ದ. ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಒತ್ತಿದ ತುಂಡು ಅವನ ಡಬ್ಬಿಯಲ್ಲೇ ಉಳಿಯಿತು. ತಪ್ಪು ಗುಳಿಗೆಯದೋ, ತಾಯಿಯ ಮೈಗೆ ಅದು ಒಗ್ಗಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಕೇಸು ಹುಟ್ಟುವ ಮೊದಲೇ ಸತ್ತಿತು.

ಅಮೆರಿಕದ ಕಥೆ ಬೇರೆ. ಮರ್ಕ್ ಎಂಬ ದೈತ್ಯ ಕಂಪನಿ ವಯಾಕ್ಸ್ ಎಂಬ ನೋವಿನ ಗುಳಿಗೆ ಮಾರುತ್ತಿತ್ತು. ಹೃದಯಾಘಾತದ ಅಪಾಯ ಹೆಚ್ಚುತ್ತದೆಂದು ಗೊತ್ತಾಗಿ 2004ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಸಾವಿರಾರು ಜನ ಕೋರ್ಟಿಗೆ ಹೋದರು. 2007ರಲ್ಲಿ ಕಂಪನಿ 485 ಕೋಟಿ ಡಾಲರ್ ಕೊಡಲು ಒಪ್ಪಿತು. ಆದರೆ ಗಮನಿಸಿ, ಪುಕ್ಕಟೆ ಏನೂ ಸಿಗಲಿಲ್ಲ. ಕನಿಷ್ಠ 30 ಗುಳಿಗೆ ಪಡೆದಿದ್ದಕ್ಕೆ ದಾಖಲೆ ತೋರಿಸಬೇಕಿತ್ತು. ಅವರ ಬಳಿ ಕಾಗದವಿತ್ತು, ತೋರಿಸಿದರು.

ನಮ್ಮ ಬಳಿ? ಬಳ್ಳಾರಿಯನ್ನು ನೆನೆಯಿರಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಂತು. ತಯಾರಿಸಿದ್ದು ಪಶ್ಚಿಮ್ ಬಂಗ ಫಾರ್ಮಾಸ್ಯುಟಿಕಲ್ಸ್. ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಇದೇ ಕಂಪನಿಯ ಕೆಲ ಬ್ಯಾಚುಗಳನ್ನು ನಮ್ಮ ರಾಜ್ಯದ ಪ್ರಯೋಗಾಲಯ ಮೊದಲೇ ಸರಿಯಿಲ್ಲ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಎರಡು ಪ್ರಯೋಗಾಲಯಗಳ ನಡುವೆ ಸಿಕ್ಕವರು ಬಡ ಬಾಣಂತಿಯರು. ಅವರ ಮನೆಯವರ ಕೈಯಲ್ಲಿ ಬಿಲ್ ಇಲ್ಲ, ಬಾಟಲಿ ಇಲ್ಲ, ನಂಬರಿಲ್ಲ. ಎಲ್ಲ ಆಸ್ಪತ್ರೆಯ ಕಪಾಟಿನಲ್ಲಿ. ಮೇಲಾಗಿ, ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಆಸ್ಪತ್ರೆಯ ರೋಗಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಬಿಟ್ಟಿದೆ. ಸೇವೆ ಕೆಟ್ಟಿತೆಂದು ಗ್ರಾಹಕ ಕೋರ್ಟಿಗೂ ಹೋಗುವಂತಿಲ್ಲ.

ಕಾನೂನಿನ ಆಟವನ್ನೂ ನೋಡಿ. ಕಲಬೆರಕೆ ಅಥವಾ ನಕಲಿ ಔಷಧದಿಂದ ಸಾವಾದರೆ ಕನಿಷ್ಠ 10 ವರ್ಷ ಜೈಲು, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ; ಆ ದಂಡ ಸತ್ತವರ ಮನೆಗೆ. 1940ರ ಔಷಧ ಕಾಯ್ದೆಗೆ 2008ರಲ್ಲಿ ಸೇರಿದ ಮಾತಿದು, ಒಳ್ಳೆಯ ಮಾತು. ಆದರೆ ಅದೇ ಔಷಧ ಬರೀ ‘ಗುಣಮಟ್ಟ ಇಲ್ಲದ್ದು’ ಎಂದು ವರದಿಯಾದರೆ? ಒಂದರಿಂದ ಎರಡು ವರ್ಷ, ದಂಡ 20,000 ರೂಪಾಯಿಂದ ಶುರು. 2023ರ ಜನ ವಿಶ್ವಾಸ ಕಾಯ್ದೆ ಬಂದ ಮೇಲೆ ಅದನ್ನೂ ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಯಾರ ವಿಶ್ವಾಸ ಸ್ವಾಮಿ ಇದು? ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರದಲ್ಲಿ 2019-20ರಲ್ಲಿ ಕೆಮ್ಮಿನ ಔಷಧ ಕುಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಮಾನವ ಹಕ್ಕು ಆಯೋಗ ತಲಾ 3 ಲಕ್ಷ ಕೊಡಿಸಿತು. ಕೊಟ್ಟದ್ದು ಸರ್ಕಾರ, ಅಂದರೆ ನಿಮ್ಮ ನನ್ನ ತೆರಿಗೆ.

ದಾರಿ ಇಲ್ಲವೆಂದಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ ಗ್ರಾಹಕ ಕಾಯ್ದೆಯಲ್ಲಿ ದೋಷದ ಸರಕಿಗೆ ತಯಾರಕನೇ ಹೊಣೆ. ದೂರು ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಕಂಪನಿ ಹಿಮಾಚಲದಲ್ಲಿದ್ದರೂ ಅಲ್ಲಿಗೆ ಓಡಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ರಾಮದುರ್ಗದವನಿಗೆ ಬೆಳಗಾವಿ ನೂರು ಕಿಲೋಮೀಟರ್ ಮೇಲಾದರೂ ಕಂಪ್ಯೂಟರ್ ಮೂಲಕ ಕೊಡುವ ಅವಕಾಶವಿದೆ. ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಯಾರಿಗೂ ಇದೆ. ಸರ್ಕಾರದ ಔಷಧ ಪ್ರಯೋಗಾಲಯ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಎಷ್ಟು ಜನಕ್ಕೆ ಗೊತ್ತು? ಗೊತ್ತಾಗಲು ಇದನ್ನೆಲ್ಲ ಕನ್ನಡದಲ್ಲಿ ಬರೆದು ಅಂಗಡಿಯ ಗೋಡೆಗೆ ಯಾರು ಹಚ್ಚಿದ್ದಾರೆ?

ಇಲ್ಲೇ ನಮ್ಮ ಭಾಷೆಯ ಪ್ರಶ್ನೆ ಬರುವುದು. ಅಚ್ಚಿನ ಮನೆಯವನಾಗಿ ಹೇಳುತ್ತೇನೆ, ಗುಳಿಗೆ ಪಟ್ಟಿಯ ಮೇಲಿನ ಅಕ್ಷರ ನಾನು ಲಗ್ನಪತ್ರಿಕೆಯ ಮೂಲೆಯಲ್ಲಿ ನನ್ನ ಪ್ರೆಸ್ಸಿನ ಹೆಸರು ಹಾಕುವ ಅಕ್ಷರಕ್ಕಿಂತಲೂ ಸಣ್ಣದು. ಅದೂ ಇಂಗ್ಲಿಷಿನಲ್ಲಿ, ಹೊಳೆಯುವ ಬೆಳ್ಳಿ ಹಾಳೆಯ ಮೇಲೆ. 2023ರ ಆಗಸ್ಟ್ 1ರಿಂದ 300 ಬ್ರಾಂಡುಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸವದತ್ತಿ ಗುಡ್ಡಕ್ಕೆ ನಡೆದು ಬಂದು ಕಾಲುನೋವಿಗೆ ಗುಳಿಗೆ ಕೊಂಡ ಅಜ್ಜಿ ಆ ಚೌಕಳಿಯನ್ನು ಏನು ಮಾಡಬೇಕು?

ಬೆಂಗಳೂರು, ಹುಬ್ಬಳ್ಳಿಯಲ್ಲಿ ದುಡಿಯುವ ಗೆಳೆಯರೇ, ಈ ಕೆಲಸ ನಿಮ್ಮದು. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪ ಅವ್ವನ ಗುಳಿಗೆ ಡಬ್ಬಿ ತೆರೆಯಿರಿ. ನಂಬರಿನ ಸಮೇತ ಪಟ್ಟಿಯ ಫೋಟೋ ತೆಗೆದಿಡಿ. ಬಿಲ್ ಕೇಳಲು ಅವರಿಗೆ ಕಲಿಸಿರಿ. ಕೊಡುವುದಿಲ್ಲವೆಂದರೆ ಅಂಗಡಿಯ ಮುಂದೆ ನೀವೇ ನಿಂತು ಕೇಳಿರಿ.

ನಾನು ಅಚ್ಚು ಹಾಕುವ ಬಿಲ್ ಪುಸ್ತಕದಲ್ಲಿ ಈಗ ‘ಬ್ಯಾಚ್ ಸಂಖ್ಯೆ’ ಎಂದು ಕನ್ನಡದಲ್ಲೇ ಒಂದು ಖಾನೆ ಸೇರಿಸುತ್ತಿದ್ದೇನೆ. ಇಬ್ಬರು ಅಂಗಡಿಯವರು ಒಪ್ಪಿದರು. ಮೂರನೆಯವರು, ‘ಆ ಖಾನೆ ತೆಗೀರಿ, ಜಾಗ ಹಿಡಿತೈತಿ’ ಎಂದು ಪುಸ್ತಕ ವಾಪಸ್ ಕಳಿಸಿದ್ದಾರೆ. ಇನ್ನೂ ನನ್ನ ಮೇಜಿನ ಮೇಲೇ ಇದೆ.